ಬಿಯರ್ ಕೆಗ್ಗಿಗೆ ಸ್ಟೀಲ್ ಕನೆಕ್ಟರ್ ತಗೊಳ್ಳಿ, ಜೊತೆಗೆ ಒಂದು ರೋಲ್ ಕಪ್ಪು ಟೇಪೂ ತಗೊಳ್ಳಿ
ಮೂರೂವರೆ ಸ್ಟಾರ್. ಒಂದೂವರೆ ಕಟ್ ಮಾಡಿರೋದು ನನ್ನ ದಡ್ಡತನಕ್ಕೋ ಕಂಪನಿ ದಡ್ಡತನಕ್ಕೋ, ಓದಿ ನೀವೇ ಹೇಳಿ.

ನಾನಿರೋದು ಚಿಕಾಗೋ ಹತ್ರ, ಗ್ಯಾರೇಜಲ್ಲಿ ಬಿಯರ್ ಕಾಯ್ಸೋ ಹುಚ್ಚು ಹಿಡಿದು ನಾಲ್ಕು ವರ್ಷ ಆಯ್ತು. ಇಲ್ಲಿ ಇಬ್ರು ದೊಡ್ಡೋರಿರೋ ಮನೆಗೆ ವರ್ಷಕ್ಕೆ 200 ಗ್ಯಾಲನ್ ತನಕ ಕೇಂದ್ರದ ಕಾನೂನಲ್ಲಿ ತೆರಿಗೆ ಇಲ್ಲ, ಮಾರೋ ಹಾಗಿಲ್ಲ ಅಷ್ಟೆ. ಇದನ್ನ ಕೇಳಿ ಊರಲ್ಲಿರೋ ಭಾವ ಫ್ಲೈಟ್ ಟಿಕೆಟ್ ರೇಟ್ ವಿಚಾರಿಸ್ತಿದ್ದ.

ನನ್ನ ಹತ್ರ ಇರೋದು ಹಳೇ ಸೋಡಾ ಕೆಗ್ಗು (ಪ್ರೆಶರ್ ತಡ್ಯೋ ಸ್ಟೀಲ್ ಡ್ರಮ್ಮು), 5 ಗ್ಯಾಲನ್ನಿಂದು, ಅಂದ್ರೆ 19 ಲೀಟರ್ ಹತ್ರ. ಬಾಲ್ ಲಾಕ್, ಅಂದ್ರೆ ಕನೆಕ್ಟರ್ ಒಳಗಿನ ಸಣ್ಣ ಗೋಲಿಗಳು ಕಚ್ಕೊಂಡು ಹಿಡ್ಯೋದು, ಪೆಪ್ಸಿಯವರು ಬಳಸ್ತಿದ್ದ ಟೈಪು (ಕೋಕಿಂದು ಪಿನ್ ಲಾಕ್, ಅದರ ಕನೆಕ್ಟರ್ ಇದಕ್ಕೆ ಕೂರಲ್ಲ, ಆರ್ಡರ್ ಮಾಡೋಕೆ ಮುಂಚೆ ನೋಡ್ಕೊಳ್ಳಿ). ಪೈಪನ್ನ ಕೆಗ್ಗಿಗೆ ಸೇರಿಸೋಕೆ ಮೊದ್ಲಿಂದ ಪ್ಲಾಸ್ಟಿಕ್ ಕನೆಕ್ಟರ್ ಹಾಕ್ತಿದ್ದೆ, ಬೂದು ಬಣ್ಣದ್ದು ಬಿಯರನ್ನ ಹೊರಗೆ ತಳ್ಳೋ ಕಾರ್ಬನ್ ಡೈಆಕ್ಸೈಡ್ ಗ್ಯಾಸಿಗೆ, ಕಪ್ಪು ಬಿಯರಿಗೆ. ಕಪ್ಪುದು ಎರಡು ವರ್ಷಕ್ಕೆ ಕಾಲರ್ (ಬಿಚ್ಚೋಕೆ ಮೇಲೆತ್ತೋ ಹೊರಗಿನ ಬಳೆ) ಸೀಳ್ಕೊಂಡು ಸೋರೋಕೆ ಶುರು ಮಾಡ್ತು, ಇನ್ನು ಸ್ಟೀಲೇ ತಗೊಂಡ್ಬಿಡೋಣ ಅಂತ ಈ ಸೆಟ್ ತರಿಸ್ದೆ. ಎರಡು ಸ್ಟೀಲ್ ಕನೆಕ್ಟರ್, ಒಂದು ಕವರ್ ತುಂಬ ಓ-ರಿಂಗು (ಸೋರದಂಗೆ ತಡ್ಯೋ ರಬ್ಬರ್ ಬಳೆ), ಒಂದು ಸಣ್ಣ ಟ್ಯೂಬ್ ಫುಡ್ ಗ್ರೇಡ್ ಸಿಲಿಕಾನ್ ಗ್ರೀಸು.

ಮಾಲು ಚೆನ್ನಾಗಿದೆ ಕಣ್ರೀ, ಸುಳ್ಳು ಹೇಳ್ಬಾರ್ದು. ಕೈಯಲ್ಲಿ ತೂಕ ಇದೆ, ಮೇಲಿನ ಸ್ಕ್ರೂ ಬಿಚ್ಚಿದ್ರೆ ಒಳಗಿನ ಪಿನ್ನು ಸ್ಪ್ರಿಂಗು ಎಲ್ಲ ಹೊರಗೆ ಬರುತ್ತೆ, ತೊಳ್ಯೋದು ಸುಲಭ. ಆದ್ರೆ ಎರಡೂ ಅವಳಿ ಜವಳಿ! ಬಣ್ಣ ಇಲ್ಲ, ಗ್ಯಾಸ್ ಯಾವ್ದು ಬಿಯರ್ ಯಾವ್ದು ಅಂತ ಗೊತ್ತಾಗ್ಬೇಕಂದ್ರೆ ಸೈಡಲ್ಲಿರೋ ಉಗುರು ಗಾತ್ರದ ಗುರುತನ್ನ ಕನ್ನಡಕ ಹಾಕ್ಕೊಂಡು ಹುಡುಕ್ಬೇಕು.

2025ರ ಐಪಿಎಲ್ ಫೈನಲ್ ದಿನ, ಇಲ್ಲಿ ಬೆಳಗ್ಗೆ ಒಂಬತ್ತಕ್ಕೆ ಮ್ಯಾಚು, ಆರ್‌ಸಿಬಿ ಆಡ್ತಿದೆ ಅಂತ ಆರು ಜನ ಆಫೀಸಿಗೆ ಜ್ವರ ಅಂತ ಹೇಳಿ ನಮ್ಮನೇಗೆ ಬಂದಿದ್ರು. ನಾನು ಗಡಿಬಿಡೀಲಿ ಬಿಯರ್ ಕನೆಕ್ಟರನ್ನ ಗ್ಯಾಸ್ ಪೋಸ್ಟಿಗೆ (ಕೆಗ್ ಮೇಲೆ ಕನೆಕ್ಟರ್ ಕೂರೋ ಮೂತಿ) ಹಾಕಿ, ಗ್ಯಾಸ್ ಕನೆಕ್ಟರನ್ನ ಬಿಯರ್ ಪೋಸ್ಟಿಗೆ ಒತ್ತಿದೆ. ಸ್ವಲ್ಪ ಟೈಟ್ ಅನ್ನಿಸ್ತು, ಹೊಸದಲ್ವಾ ಅಂತ ಅಂಗೈಯಲ್ಲಿ ಇನ್ನೊಂದು ಗುದ್ದು ಕೊಟ್ಟೆ, ಟಕ್ ಅಂತ ಕೂತ್ಕೊಳ್ತು. ನಲ್ಲಿ ತಿರುಗಿಸಿದ್ರೆ ಬಿಯರ್ ಇಲ್ಲ, ಬುಸ್ ಅಂತ ಬರೀ ಗಾಳಿ. ತೆಗೀತೀನಿ ಅಂದ್ರೆ ಬರಲ್ಲ. ಕಾಲರ್ ಹಿಡ್ದು ಎಳೆದೆ, ಗೆಳೆಯ ಎಳ್ದ, ಇಬ್ರೂ ಸೇರಿ ಎಳೆದ್ವಿ, ಕೆಗ್ಗೇ ಮೇಲೆ ಬಂತು ಹೊರತು ಕನೆಕ್ಟರ್ ಅಲ್ಲಾಡ್ಲಿಲ್ಲ.

ವಿಷಯ ಏನಪ್ಪಾ ಅಂದ್ರೆ ಎರಡು ಪೋಸ್ಟೂ ನೋಡೋಕೆ ಒಂದೇ ಥರ ಇದ್ರೂ ಬಿಯರ್ ಪೋಸ್ಟು ಕೂದಲೆಳೆಯಷ್ಟು ದಪ್ಪ. ಗ್ಯಾಸ್ ಕನೆಕ್ಟರ್ ಅದ್ರ ಮೇಲೆ ಬಲವಂತಕ್ಕೆ ಕೂರುತ್ತೆ, ವಾಪಸ್ ಬರೋಕೆ ಒಲ್ಲೆ ಅನ್ನುತ್ತೆ. ಗ್ಯಾಸ್ ಪೋಸ್ಟಿನ ಬುಡದ ಮೂಲೆಗಳಲ್ಲಿ ಸಾಮಾನ್ಯವಾಗಿ ಸಣ್ಣ ಕಚ್ಚು ಇರುತ್ತೆ, ಅದೇ ಗುರುತು. ಸರಿಯಾದ ಪೋಸ್ಟಿಗೇ ಹಾಕಿದ್ರೂ ಕಚ್ಕೊಂಡ್ರೆ ಹೆಚ್ಚಾಗಿ ಎರಡೇ ಕಾರಣ, ಒಂದು ಓ-ರಿಂಗ್ ಒಣಗಿರುತ್ತೆ, ಇಲ್ಲ ಹಳೇ ಬಿಯರಿನ ಸಕ್ಕರೆ ಅಂಟಾಗಿ ಗಟ್ಟಿಯಾಗಿರುತ್ತೆ.

ಬಿಚ್ಚಿದ್ದು ಹೀಗೆ. ಮೊದ್ಲು ಸಿಲಿಂಡರ್ ಬಂದ್ ಮಾಡಿ, ಮುಚ್ಚಳದ ಮೇಲಿರೋ ರಿಲೀಫ್ ವಾಲ್ವ್ ಎಳ್ದು ಒಳಗಿನ ಪ್ರೆಶರ್ ಪೂರ್ತಿ ಬಿಟ್ಟೆ, ಇದನ್ನ ಬಿಟ್ಟು ಮುಂದಕ್ಕೆ ಹೋಗ್ಲೇಬೇಡಿ, ಪ್ರೆಶರಲ್ಲಿ ಪೋಸ್ಟ್ ಬಿಚ್ಚಿದ್ರೆ ಅದು ಗುಂಡಿನ ಥರ ಹಾರುತ್ತೆ. ಆಮೇಲೆ ಬಿಸಿ ನೀರು ಸುರಿದು ಐದು ನಿಮಿಷ ಬಿಟ್ಟು, ಕನೆಕ್ಟರ್ ಬಾಡೀನ ಕೆಳಗೆ ಒತ್ತಿ ಹಿಡ್ಕೊಂಡೇ ಕಾಲರನ್ನ ಮೇಲೆ ಎತ್ತಿ ನೋಡ್ದೆ. ಎಲ್ಲರೂ ಬರೀ ಮೇಲೆ ಎಳೀತಾರೆ, ಆಗ ಒಳಗಿನ ಗೋಲಿಗಳು ಇನ್ನೂ ಬಿಗಿಯಾಗಿ ಕಚ್ಕೊಳ್ತವೆ. ಅಂಟಿನಿಂದ ಸಿಕ್ಕಾಕ್ಕೊಂಡಿದ್ರೆ ಇಷ್ಟಕ್ಕೇ ಬರುತ್ತೆ, ನಂದು ಬರ್ಲಿಲ್ಲ. ಕೊನೆಗೆ ಸ್ಪ್ಯಾನರ್ ಹಾಕಿ ಪೋಸ್ಟನ್ನೇ ಕನೆಕ್ಟರ್ ಸಮೇತ ಬಿಚ್ಚಿ, ಮೇಲಿನ ಸ್ಕ್ರೂ ತೆಗೆದು ಪಿನ್ನು ಸ್ಪ್ರಿಂಗು ಹೊರಗೆ ಹಾಕಿ, ಮೇಲಿನಿಂದ ಮರದ ತುಂಡು ಇಟ್ಟು ಮೆಲ್ಲಗೆ ತಟ್ಟಿದ್ಮೇಲೆ ಬೇರೆ ಆಯ್ತು. ಅಷ್ಟೊತ್ತಿಗೆ ಪವರ್‌ಪ್ಲೇ ಮುಗಿದಿತ್ತು.

ಇನ್ನು ಗ್ರೀಸ್ ಬಗ್ಗೆ. ಅದೊಂದೇ ಈ ಡಬ್ಬೀಲಿ ಐದು ಸ್ಟಾರಿನ ವಸ್ತು. ಪೋಸ್ಟಿನ ಓ-ರಿಂಗಿಗೆ ಸಾಸಿವೆ ಕಾಳಿನಷ್ಟು ಸವರಿದ್ರೆ ಸಾಕು. ಜಾಸ್ತಿ ಮೆತ್ತಿದ್ರೆ ಬಿಯರಿಗೆ ಸೇರಿ ನೊರೆ ಹೋಗುತ್ತೆ. ಮನೇಲಿದೆ ಅಂತ ವ್ಯಾಸಲೀನ್ ಹಚ್ಬೇಡಿ, ಕೆಲವು ರಬ್ಬರ್ ಅದಕ್ಕೆ ಊದ್ಕೊಂಡು ಹಾಳಾಗುತ್ತೆ. ಓ-ರಿಂಗ್ ಕವರ್ ಮಾತ್ರ ಕರ್ಮ, ಮೂರು ಸೈಜನ್ನೂ ಒಂದರಲ್ಲೇ ತುಂಬಿ ಕಳ್ಸಿದಾರೆ, ಯಾವ್ದು ಎಲ್ಲಿಗೆ ಅಂತ ಒಂದು ಚೀಟಿ ಇಲ್ಲ. ಮುಚ್ಚಳದ್ದು ದೊಡ್ಡದು, ಗೊತ್ತಾಗುತ್ತೆ. ಪೋಸ್ಟಿಂದು, ಡಿಪ್ ಟ್ಯೂಬಿಂದು (ಪೋಸ್ಟಿನಿಂದ ಕೆಗ್ ಒಳಗೆ ಇಳಿಯೋ ಕೊಳವೆ) ಹಾಕಿ ನೋಡಿ ತೆಗ್ದು ನೋಡಿ ಬೇರೆ ಮಾಡ್ಬೇಕು, ಬೇಳೇಲಿ ಕಲ್ಲು ಆರಿಸ್ದಂಗೆ.

ಈಗ ಬಿಯರ್ ಕನೆಕ್ಟರಿಗೆ ಕಪ್ಪು ಟೇಪ್ ಸುತ್ತಿದೀನಿ, ಪ್ರತಿ ಕೆಗ್ ಖಾಲಿ ಆದ್ಮೇಲೆ ಬಿಚ್ಚಿ ತೊಳ್ದು ಗ್ರೀಸ್ ಹಚ್ತೀನಿ, ಆಮೇಲೆ ಒಂದ್ಸಲಾನೂ ಕಚ್ಕೊಂಡಿಲ್ಲ. ಕಂಪನಿಯವರು ಒಂದು ಬಣ್ಣದ ರಿಂಗ್ ಹಾಕಿ ಕಳಿಸಿದ್ರೆ ನಾಲ್ಕೂವರೆ ಕೊಡ್ತಿದ್ದೆ. ಅವತ್ತು ಕೊನೇ ಓವರ್ ಹೊತ್ತಿಗೆ ಎಲ್ಲರ ಕೈಗೂ ಗ್ಲಾಸ್ ಬಂತು, ಐಪಿಎಲ್ ಕಪ್ಪೂ ನಮ್ದಾಯ್ತು, ಅದಕ್ಕೇ ಗೆಳೆಯರು ನನ್ನ ಕ್ಷಮಿಸಿದಾರೆ.