ಕೈಂಡ್ ಆಫ್ ಬ್ಲೂ, ಟೈಮ್ ಔಟ್: 1959ರ ಜಾಝ್‌ನಲ್ಲಿ ಮೊದಲು ಕೇಳಬೇಕಾದ್ದು ಯಾವುದು?

ಈ ಎರಡೂ ಜಾಝ್ ಆಲ್ಬಂಗಳು ಧ್ವನಿಮುದ್ರಣಗೊಂಡದ್ದು ನ್ಯೂಯಾರ್ಕಿನ 30ನೇ ಬೀದಿಯ ಕೊಲಂಬಿಯಾ ಸ್ಟುಡಿಯೋದಲ್ಲೇ. ಸ್ವಭಾವ ಮಾತ್ರ ಬೇರೆ.

ತಾಳ ಹಾಕುತ್ತ ಕೇಳುವವರಿಗೆ ಪಿಯಾನೋ ವಾದಕ ಡೇವ್ ಬ್ರೂಬೆಕ್‌ನ ನಾಲ್ವರ ತಂಡ, ಅಂದರೆ ಕ್ವಾರ್ಟೆಟ್‌ನ ‘ಟೈಮ್ ಔಟ್’. ತಂಡದ ಸ್ಯಾಕ್ಸೊಫೋನ್ ವಾದಕ ಪಾಲ್ ಡೆಸ್ಮಂಡ್ ರಚಿಸಿದ ‘ಟೇಕ್ ಫೈವ್’ ಐದೆಣಿಕೆಯದು. ಆದರೆ ಕರ್ನಾಟಕ ಸಂಗೀತದ ಖಂಡಚಾಪು ತಾಳದ 2+3 ಹಾಕಿದರೆ ಕೈ ತಪ್ಪುತ್ತದೆ, ಇಲ್ಲಿರುವುದು 3+2. ‘ಬ್ಲೂ ರೊಂಡೊ’ದಲ್ಲಿ ಒಂಬತ್ತು ಎಣಿಕೆ: ಮೂರು ಸುತ್ತು 2+2+2+3, ನಾಲ್ಕನೆಯದು 3+3+3. ಒಬ್ಬರೇ ಮನೋಧರ್ಮ ನುಡಿಸುವ ಸೋಲೋ ಬಂದಾಗ ಮಾತ್ರ ಸದ್ದಿಲ್ಲದೆ ನಾಲ್ಕೆಣಿಕೆಗೆ ಇಳಿಯುತ್ತದೆ. ಸಣ್ಣ ಮೋಸವೇ ಅನ್ನಿ.

ಒಂದೇ ಕೊಳ್ಳುವುದಾದರೆ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್‌ನ ‘ಕೈಂಡ್ ಆಫ್ ಬ್ಲೂ’. ಅದರ ‘ಸೋ ವಾಟ್’ ರಚನೆಯ 32 ಬಾರ್‌ಗಳಲ್ಲಿ (ತಾಳದ ಸುತ್ತುಗಳಲ್ಲಿ) 16 ಒಂದು ಸ್ವರಶ್ರೇಣಿ, 8 ಅರ್ಧ ಸ್ವರ ಮೇಲೆ, ಉಳಿದ 8 ಮತ್ತೆ ಮೊದಲಿನದೇ. ಕಾರ್ಡ್ (ಒಟ್ಟಿಗೆ ನುಡಿಯುವ ಸ್ವರಗುಚ್ಛ) ಬದಲಾವಣೆ ಕಡಿಮೆ, ಹಾಗಾಗಿ ವಾದಕನಿಗೆ ನಿಂತು ವಿಸ್ತರಿಸಲು ಜಾಗ. ರಾಗವೆಂದು ಭ್ರಮಿಸಬೇಡಿ, ಇಲ್ಲಿ ಆಧಾರ ಸ್ವರವೇ ಸರಿಯುತ್ತದೆ. ಹಳೆಯ ಎಲ್‌ಪಿ ಕೊಳ್ಳುವಾಗ ಎಚ್ಚರ: ಮಾರ್ಚ್ 2ರಂದು ಧ್ವನಿಮುದ್ರಿಸುವಾಗ ಟೇಪ್ ಯಂತ್ರ ನಿಧಾನ ಓಡಿದ್ದರಿಂದ, ಸರಿ ವೇಗದಲ್ಲಿ ಕೇಳಿದಾಗ ಮೊದಲ ಬದಿಯ ಮೂರೂ ರಚನೆಗಳ ಶ್ರುತಿ ತುಸು ಏರಿದೆ. 1992ರ ಮರುಬಿಡುಗಡೆಯಲ್ಲಿ ಅದನ್ನು ಸರಿಪಡಿಸಲಾಯಿತು. ಆಲ್ಬಂ ಜೊತೆಗೆ ಕೊಳಲೋ ಪಿಟೀಲೋ ನುಡಿಸುವವರು ಆ ಮರುಬಿಡುಗಡೆಯನ್ನೇ ಹುಡುಕಲಿ.