ಸಿಟಿಆರ್‌ಐ: ಮೂತ್ರಕೋಶದ ತೊಂದರೆಗೆ ಚಿಕಿತ್ಸಾ ಪ್ರಯೋಗ ಹುಡುಕುವ ಗಡಿನಾಡಿನವರಿಗೆ ಎಷ್ಟು ಉಪಯೋಗ?

ಔಷಧದ ಪ್ರಯೋಗವೊಂದರಲ್ಲಿ ಸೇರಿಕೊಳ್ಳಬಹುದೇ ಎಂದು ವಿಚಾರಿಸುವವರು ನಮ್ಮ ದೇಶದಲ್ಲಿ ಮೊದಲು ನೋಡಬೇಕಾದದ್ದು ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿ – ಇಂಡಿಯಾ, ಅಂದರೆ ಸಿಟಿಆರ್‌ಐ ಎಂಬ ಜಾಲತಾಣವನ್ನು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಶ್ರಯದಲ್ಲಿ 2007ರ ಜುಲೈಯಲ್ಲಿ ಆರಂಭವಾದ ಈ ತಾಣದಲ್ಲಿ ಪ್ರಯೋಗಗಳನ್ನು ನೋಂದಾಯಿಸುವುದನ್ನು ಔಷಧ ಮಹಾನಿಯಂತ್ರಕರು 2009ರ ಜೂನ್‌ನಿಂದ ಕಡ್ಡಾಯಗೊಳಿಸಿದರು. 2018ರ ಏಪ್ರಿಲ್‌ನಿಂದೀಚೆಗೆ ಮೊದಲ ರೋಗಿಯನ್ನು ಸೇರಿಸಿಕೊಳ್ಳುವ ಮೊದಲೇ ನೋಂದಣಿ ಮುಗಿದಿರಬೇಕು. ಆದ್ದರಿಂದ ‘ನೋಂದಣಿ ಸಂಖ್ಯೆ ಆಮೇಲೆ ಬರುತ್ತದೆ, ನೀವು ಈಗಲೇ ಸೇರಿ’ ಎನ್ನುವವರ ಮಾತಿಗೆ ಕಿವಿಗೊಡಬೇಕಾಗಿಲ್ಲ. ನೋಡುವುದಕ್ಕೆ ಶುಲ್ಕವಿಲ್ಲ, ಹೆಸರು ನೋಂದಾಯಿಸಿಕೊಳ್ಳಬೇಕೆಂದೂ ಇಲ್ಲ. ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆಯಲ್ಲಿರುವ ನನ್ನ ಅತ್ತಿಗೆಯವರಿಗಾಗಿ ನಾನು ಇದನ್ನು ಬಳಸಿದ್ದೇನೆ. ಗಡಿಯ ಈಚೆ ಇರುವ ಕನ್ನಡಿಗರಿಗೆ ಇದು ಎಷ್ಟರಮಟ್ಟಿಗೆ ನೆರವಾಗುತ್ತದೆ ಎಂಬುದಷ್ಟೇ ಈ ವಿಮರ್ಶೆಯ ವಿಷಯ.

ಅತ್ತಿಗೆಯವರ ತೊಂದರೆಗೆ ವೈದ್ಯರು ಇಟ್ಟ ಹೆಸರು ಓವರ್ಆ್ಯಕ್ಟಿವ್ ಬ್ಲಾಡರ್. ಸೋಂಕು, ಕಲ್ಲು ಮುಂತಾದ ಬೇರೆ ಕಾರಣ ಕಾಣದಿದ್ದರೂ ಮೂತ್ರಕ್ಕೆ ತಡೆಯಲಾಗದ ಅವಸರವಾಗುವುದು, ಹಗಲಿನಲ್ಲಿ ಮತ್ತೆ ಮತ್ತೆ ಹೋಗಬೇಕಾಗುವುದು, ರಾತ್ರಿ ಏಳಬೇಕಾಗುವುದು, ಕೆಲವರಿಗೆ ಬಚ್ಚಲಿಗೆ ಮುಟ್ಟುವ ಮೊದಲೇ ಸೋರಿಹೋಗುವುದು ಇದರ ಲಕ್ಷಣಗಳು. ಸಾಲಿಫೆನಾಸಿನ್, ಟಾಲ್ಟೆರೊಡಿನ್‌ನಂತಹ ಹಳೆಯ ಬಗೆಯ ಮಾತ್ರೆಗಳಿಂದ ಬಾಯಿ ಒಣಗುತ್ತದೆ, ಮಲಬದ್ಧತೆಯಾಗುತ್ತದೆ, ವಯಸ್ಸಾದವರಲ್ಲಿ ನೆನಪಿನ ಮೇಲಾಗುವ ಪರಿಣಾಮದ ಬಗೆಗೂ ವೈದ್ಯರು ಎಚ್ಚರಿಕೆ ವಹಿಸುತ್ತಾರೆ. ಬೇರೆ ರೀತಿಯಲ್ಲಿ ಕೆಲಸ ಮಾಡುವ ಮಿರಾಬೆಗ್ರಾನ್‌ಗೆ ಅಮೆರಿಕದಲ್ಲಿ 2012ರಲ್ಲಿ ಒಪ್ಪಿಗೆ ದೊರೆಯಿತು, ಅದೇ ಗುಂಪಿನ ವೈಬೆಗ್ರಾನ್‌ಗೆ ಜಪಾನಿನಲ್ಲಿ 2018ರಲ್ಲಿ, ಅಮೆರಿಕದಲ್ಲಿ 2020ರಲ್ಲಿ. ಮಾತ್ರೆಗಳಿಂದ ಗುಣ ಕಾಣದವರಿಗೆ ಬೊಟುಲಿನಮ್ ಟಾಕ್ಸಿನ್ ಚುಚ್ಚುಮದ್ದು ಮತ್ತು ಪಾದದ ಗಂಟಿನ ಬಳಿ ನರಕ್ಕೆ ಲಘುವಾದ ವಿದ್ಯುತ್ ಪ್ರಚೋದನೆ ಕೊಡುವ ವಿಧಾನಗಳೂ ಇವೆ. ಇಷ್ಟನ್ನು ತಿಳಿದುಕೊಳ್ಳದೆ ಹುಡುಕಲು ಕುಳಿತರೆ ತಾಣ ಏನನ್ನು ತೋರಿಸಿದರೂ ಅರ್ಥವಾಗುವುದಿಲ್ಲ.

ತಾಣದ ದಾಖಲೆಗಳೆಲ್ಲ ಇಂಗ್ಲಿಷಿನಲ್ಲಿವೆ. ಕನ್ನಡ ಶಾಲೆಯಲ್ಲಿ ಓದಿದ ಹಿರಿಯರು ಮನೆಯ ಕಿರಿಯರ ನೆರವಿಲ್ಲದೆ ಇದನ್ನು ಬಳಸಲಾರರು. ಕಾಯಿಲೆಯ ಹೆಸರನ್ನು ಮಾತ್ರ ಹಾಕಿ ಹುಡುಕಿದರೆ ಸಾಲದು, ಒಂದೊಂದು ಔಷಧದ ಹೆಸರನ್ನೂ, ಮೂತ್ರದ ಅವಸರ, ಸೋರಿಕೆ ಎಂಬುದಕ್ಕಿರುವ ಇಂಗ್ಲಿಷ್ ಪದಗಳನ್ನೂ ಬೇರೆ ಬೇರೆಯಾಗಿ ಹಾಕಿ ನೋಡಬೇಕು. ಆಯುರ್ವೇದದ ಪ್ರಯೋಗಗಳೂ ಇದೇ ತಾಣದಲ್ಲಿ ನೋಂದಣಿಯಾಗುವುದರಿಂದ ಕೈಗೆ ಬಂದ ದಾಖಲೆ ಯಾವ ಪದ್ಧತಿಯದು ಎಂಬುದನ್ನು ಮೊದಲು ಗಮನಿಸಬೇಕು.

ದಾಖಲೆಯೊಂದನ್ನು ತೆರೆದ ಮೇಲೆ ಮಾತ್ರ ಈ ತಾಣದ ಹಿರಿಮೆ ಕಾಣುತ್ತದೆ. ಯಾರ ಹಣದಲ್ಲಿ ಪ್ರಯೋಗ ನಡೆಯುತ್ತಿದೆ, ಯಾವ ಯಾವ ಆಸ್ಪತ್ರೆಗಳಲ್ಲಿ, ನೈತಿಕ ಸಮಿತಿಯ ಒಪ್ಪಿಗೆ ದೊರೆತಿದೆಯೇ ಇಲ್ಲವೇ, ಯಾರನ್ನು ಸೇರಿಸಿಕೊಳ್ಳುತ್ತಾರೆ, ಯಾರನ್ನು ಬಿಡುತ್ತಾರೆ, ಹೋಲಿಕೆಗೆ ಬಳಸುವುದು ಬೇರೊಂದು ಔಷಧವೋ ಔಷಧಾಂಶವೇ ಇಲ್ಲದ ಪ್ಲಾಸೆಬೊ ಮಾತ್ರೆಯೋ ಎಂಬುದೆಲ್ಲ ಒಂದೇ ಕಡೆ ಇದೆ. ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಇಷ್ಟನ್ನು ಬಾಯಿಬಿಟ್ಟು ಕೇಳುವ ಧೈರ್ಯ ನಮ್ಮಲ್ಲಿ ಎಷ್ಟು ಜನರಿಗಿದೆ? ಸಾರ್ವಜನಿಕರ ಪ್ರಶ್ನೆಗಳಿಗೆಂದೇ ಸಂಪರ್ಕ ವ್ಯಕ್ತಿಯ ವಿವರವೂ ಇರುತ್ತದೆ. ಆದರೆ ಅದು ಪ್ರಾಯೋಜಕ ಕಂಪೆನಿಯ ದೂರದ ಕಚೇರಿಯದ್ದಾಗಿರುವುದುಂಟು. ಹತ್ತಿರದ ಆಸ್ಪತ್ರೆಯ ಮುಖ್ಯ ಸಂಶೋಧಕರ ಹೆಸರು ಕೆಳಗಿನ ಕೇಂದ್ರಗಳ ಪಟ್ಟಿಯಲ್ಲಿರುತ್ತದೆ, ಅವರನ್ನೇ ಕೇಳುವುದು ಒಳ್ಳೆಯದು.

ಕಾಸರಗೋಡಿನವರು ವಿಶೇಷವಾಗಿ ಎಚ್ಚರ ವಹಿಸಬೇಕಾದದ್ದು ರಾಜ್ಯದ ಆಯ್ಕೆಯಲ್ಲಿ. ನಮ್ಮ ವಿಳಾಸ ಕೇರಳದ್ದಾದ್ದರಿಂದ ಕೇರಳವೆಂದು ಗುರುತು ಹಾಕುವುದು ಸಹಜ. ಹಾಗೆ ಮಾಡಿದರೆ ಕೋಯಿಕ್ಕೋಡು, ಕೊಚ್ಚಿ, ತಿರುವನಂತಪುರಗಳ ಆಸ್ಪತ್ರೆಗಳು ಬರಬಹುದು, ಸುಮಾರು 50 ಕಿಲೋಮೀಟರ್ ದೂರದ ಮಂಗಳೂರು ಬರುವುದಿಲ್ಲ, ಏಕೆಂದರೆ ಅದು ಕರ್ನಾಟಕದ ಲೆಕ್ಕಕ್ಕೆ ಸೇರಿದ್ದು. ಎರಡೂ ರಾಜ್ಯಗಳನ್ನು ಬೇರೆ ಬೇರೆಯಾಗಿ ನೋಡಲೇಬೇಕು. ಪ್ರಯೋಗಕ್ಕೆ ಸೇರಿದವರು ನಿಗದಿಯಾದ ದಿನಗಳಂದು ತಪ್ಪದೆ ಹೋಗಬೇಕಾಗುತ್ತದೆ. 2020ರ ಮಾರ್ಚ್‌ನಲ್ಲಿ ಕೊರೊನಾದಿಂದಾಗಿ ಮಂಗಳೂರಿನ ದಾರಿಯಲ್ಲಿರುವ ತಲಪಾಡಿಯ ಗಡಿ ಮುಚ್ಚಿದಾಗ ರೋಗಿಗಳು ಪಟ್ಟ ಪಾಡನ್ನು ನಮ್ಮ ಜಿಲ್ಲೆ ಮರೆತಿಲ್ಲವಾದರೂ ದೂರ ಮತ್ತು ಭಾಷೆ ಎರಡನ್ನೂ ತೂಗಿ ನೋಡಿದರೆ ಮಂಗಳೂರೇ ಮೇಲು.

ಸೇರುವ ಹಂತದ ಅನುಭವ ಮಿಶ್ರವಾಗಿತ್ತು. ರೋಗಿಗಳನ್ನು ಸೇರಿಸಿಕೊಳ್ಳುತ್ತಿರುವುದಾಗಿ ದಾಖಲೆಯಲ್ಲಿದ್ದ ಒಂದು ಕೇಂದ್ರಕ್ಕೆ ಫೋನು ಮಾಡಿದಾಗ ಭರ್ತಿ ಮುಗಿದು ಬಹಳ ಕಾಲವಾಗಿತ್ತು ಎಂದು ತಿಳಿಯಿತು. ಮಾಹಿತಿಯನ್ನು ಕಾಲಕಾಲಕ್ಕೆ ತಿದ್ದಬೇಕಾದವರು ಸಂಶೋಧಕರು, ಅವರು ಆ ಶ್ರಮ ತೆಗೆದುಕೊಂಡಿರಲಿಲ್ಲ. ಇನ್ನೊಂದು ಆಸ್ಪತ್ರೆಯಲ್ಲಿ ಸಂಯೋಜಕಿ ಸಹನೆಯಿಂದ ಮಾತನಾಡಿದರು, ‘ಅಮ್ಮ, ನಿಮಗೆ ಸಂಶಯ ಇದ್ದರೆ ಮನೆಗೆ ತೆಗೆದುಕೊಂಡು ಹೋಗಿ ಓದಿ’ ಎಂದು ಸಮ್ಮತಿ ಪತ್ರವನ್ನು ಕೈಗಿತ್ತರು. ಅದು ಕನ್ನಡದಲ್ಲೇ ಇತ್ತು, ಆದರೆ ವಾಕ್ಯಗಳು ಎಷ್ಟು ಬಿರುಸಾಗಿದ್ದವೆಂದರೆ ನಾಲ್ಕು ದಶಕ ಕನ್ನಡ ಪಾಠ ಹೇಳಿದ ನನ್ನ ಅಣ್ಣನೂ ಇಂಗ್ಲಿಷ್ ಪ್ರತಿಯನ್ನು ಪಕ್ಕದಲ್ಲಿಟ್ಟುಕೊಂಡು ಓದಬೇಕಾಯಿತು. 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳ ಪ್ರಕಾರ ಮಾಹಿತಿಯು ತಾಂತ್ರಿಕವಲ್ಲದ, ಭಾಗವಹಿಸುವವರಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು. ಓದಲಾಗದವರಿಗೆ ಅದನ್ನು ವಿವರಿಸುವಾಗ ಆದ್ಯಂತ ನಿಷ್ಪಕ್ಷಪಾತಿ ಸಾಕ್ಷಿಯೊಬ್ಬರು ಇರಬೇಕು. ಮಲಯಾಳ ಓದಲು ಬಾರದ ನಮ್ಮವರಿಗೆ ಕೇರಳದ ಕೇಂದ್ರವೊಂದು ಮಲಯಾಳದ ಪತ್ರವನ್ನೇ ಮುಂದಿಟ್ಟರೆ ಕನ್ನಡ ಪ್ರತಿ ಬೇಕೆಂದು ಸಂಕೋಚವಿಲ್ಲದೆ ಕೇಳಬೇಕು.

ಸಮ್ಮತಿ ಪತ್ರದಲ್ಲಿ ವಾರ್ಷಿಕ ಆದಾಯವನ್ನೂ ನಾಮಿನಿಯ ಹೆಸರನ್ನೂ ಕೇಳುತ್ತಾರೆ. ನಾಮಿನಿ ಎಂಬ ಪದ ಕಂಡೊಡನೆ ಅತ್ತಿಗೆಯವರು, ‘ಇದೆಂತ, ಜೀವ ಹೋಗುವ ಮದ್ದಾ?’ ಎಂದು ಹೆದರಿದರು. ಪ್ರಯೋಗದಿಂದ ಹಾನಿಯಾದರೆ ಉಚಿತ ಚಿಕಿತ್ಸೆಯನ್ನೂ ಪರಿಹಾರವನ್ನೂ ಕೊಡಬೇಕೆಂದು ನಿಯಮವಿರುವುದರಿಂದ ಎಲ್ಲ ಪ್ರಯೋಗಗಳಲ್ಲೂ ಹೀಗೆ ಕೇಳುತ್ತಾರೆ. ಯಾವಾಗ ಬೇಕಾದರೂ ಹಿಂದೆ ಸರಿಯಬಹುದು, ಅದರಿಂದ ಮುಂದಿನ ಚಿಕಿತ್ಸೆಗೆ ಕುಂದು ಬರಬಾರದು ಎಂಬುದೂ ಅದೇ ಪತ್ರದಲ್ಲಿದೆ. ಸಹಿ ಹಾಕಿದ ಪತ್ರದ ಒಂದು ಪ್ರತಿಯನ್ನು ಕೇಳಿ ಪಡೆಯಬೇಕು.

ಪರೀಕ್ಷೆಯ ಹಂತದಲ್ಲಿ ಅತ್ತಿಗೆಯವರ ಮೂತ್ರದಲ್ಲಿ ಸೋಂಕು ಕಂಡಿದ್ದರಿಂದ ಅದಕ್ಕೆ ಔಷಧ ಕೊಟ್ಟು, ವಾಸಿಯಾದ ಮೇಲೆ ಮತ್ತೆ ಕರೆದರು. ಇಂತಹ ಪ್ರಯೋಗಗಳಲ್ಲಿ ದಿನಕ್ಕೆ ಸರಾಸರಿ ಎಂಟು ಅಥವಾ ಹೆಚ್ಚು ಸಲ ಮೂತ್ರಕ್ಕೆ ಹೋಗುವವರನ್ನು ಆರಿಸುವುದು ವಾಡಿಕೆ. ಅದನ್ನು ತಿಳಿಯಲು ಮೂರು ದಿನಗಳ ಮೂತ್ರದ ದಿನಚರಿಯನ್ನು, ಹೋದ ಹೊತ್ತು, ಅವಸರದ ತೀವ್ರತೆ, ಅಳತೆ ಎಲ್ಲವನ್ನೂ ಬರೆದಿಡಬೇಕು. ಮದುವೆ, ಪೂಜೆ ಎಂದು ಓಡಾಡುವ ವಾರವನ್ನು ಇದಕ್ಕೆ ಆರಿಸಿಕೊಂಡರೆ ಲೆಕ್ಕ ಕೆಡುತ್ತದೆ. ಮಾತ್ರೆಯ ಪ್ರಯೋಗಗಳು ಸಾಮಾನ್ಯವಾಗಿ 12 ವಾರ ನಡೆಯುತ್ತವೆ. ಈಗಾಗಲೇ ಸೇವಿಸುತ್ತಿರುವ ಮಾತ್ರೆಯನ್ನು ಅದಕ್ಕೆ ಮೊದಲು ಕೆಲವು ದಿನ ನಿಲ್ಲಿಸಬೇಕಾಗಬಹುದು, ಆ ದಿನಗಳೇ ಕಷ್ಟದವು. ಈ ಕಾಯಿಲೆಯಲ್ಲಿ ಪ್ಲಾಸೆಬೊ ಪಡೆದವರಲ್ಲೂ ಗಣನೀಯ ಸುಧಾರಣೆ ಕಾಣುವುದು ಮತ್ತೆ ಮತ್ತೆ ಕಂಡುಬಂದಿರುವುದರಿಂದ ಸ್ವಲ್ಪ ಗುಣ ಕಂಡಿತೆಂದು ತಮಗೆ ದೊರೆತದ್ದು ನಿಜವಾದ ಔಷಧವೇ ಎಂದು ತೀರ್ಮಾನಿಸುವಂತಿಲ್ಲ.

ಅಮೆರಿಕದ ಕ್ಲಿನಿಕಲ್‌ಟ್ರಯಲ್ಸ್ ಡಾಟ್ ಗವ್ ತಾಣದಲ್ಲಿ ಹುಡುಕುವುದು ಇನ್ನೂ ಸಲೀಸು, ಭಾರತವೆಂದು ಆರಿಸಿ ನೋಡುವ ಸೌಲಭ್ಯವೂ ಅಲ್ಲಿದೆ. ಆದರೂ ಇಲ್ಲಿನ ವೈದ್ಯಕೀಯ ಕಾಲೇಜುಗಳಲ್ಲಿ ನಡೆಯುವ ಸಣ್ಣ ಪ್ರಯೋಗಗಳನ್ನು ಹುಡುಕಲು ಸಿಟಿಆರ್‌ಐಯೇ ಬೇಕು.

ಮಂಗಳೂರಿಗೆ ಹೋಗುವುದಾದರೆ ಈ ತೊಂದರೆಯಿರುವವರಿಗೆ ಬಸ್ಸಿಗಿಂತ ಶೌಚಾಲಯವಿರುವ ರೈಲು ಲೇಸು. ಅತ್ತಿಗೆಯವರು ಹೋದ ಅಲ್ಲಿನ ಸಂಶೋಧನಾ ಘಟಕವು ಪ್ರಯಾಣ ಭತ್ಯೆಯನ್ನು ನಗರದೊಳಗಿನ ರೋಗಿಗಳ ಲೆಕ್ಕದಲ್ಲಿ ನಿಗದಿಪಡಿಸಿತ್ತು. ಕುಂಬಳೆಯಿಂದ ಬರುವವರಿಗೆ ಅದು ಸಾಲದೆಂದು ಹೇಳಿದ ಮೇಲೆ ಟಿಕೇಟು ತೋರಿಸಿದರೆ ಪೂರ್ತಿ ಕೊಡಲು ಒಪ್ಪಿದರು. ಆದರೆ ಜತೆಗೆ ಹೋಗುವವರ ಖರ್ಚನ್ನು ಕೊಡಲಿಲ್ಲ. ಸಹಿ ಹಾಕುವ ಮೊದಲೇ ಇದನ್ನು ಮಾತನಾಡಿಕೊಂಡಿದ್ದರೆ ಬಹುಶಃ ಅದೂ ಸಿಗುತ್ತಿತ್ತು.