ಗ್ರೇಡಲ್ ಈವೆಂಟ್ ಲಿಸನರ್‌ಗಳು: ಬಾಗಿಲು ಇನ್ನೂ ಸ್ವಲ್ಪ ತೆರೆಯಬೇಕು

ಹಲವು ವರ್ಷಗಳಿಂದ ಗ್ರೇಡಲ್‌ಗೆ (ಕೋಡ್‌ನಿಂದ ಸಾಫ್ಟ್‌ವೇರ್ ಕಟ್ಟುವ, ಅಂದರೆ ಬಿಲ್ಡ್ ಮಾಡುವ ಟೂಲ್) ಪ್ಲಗಿನ್ ಬರೆಯುತ್ತಿದ್ದೇನೆ. ಬಿಲ್ಡ್‌ನ ಯಾವ ಟಾಸ್ಕ್ (ಒಂದೊಂದು ಬಿಡಿ ಕೆಲಸ) ಎಷ್ಟು ಹೊತ್ತು ತಗೊಂಡಿತು, ಯಾವುದು ಫೇಲ್ ಆಯಿತು, ಯಾವುದು ಕ್ಯಾಶ್‌ನಿಂದ ಬಂತು ಅಂತ ಹಿಡಿದು ಡ್ಯಾಶ್‌ಬೋರ್ಡ್‌ಗೆ ಕಳಿಸುವ ಕೆಲಸ. ಹಾಗಾಗಿ ಇಲ್ಲಿ ಈವೆಂಟ್ ಲಿಸನರ್, ಅಂದರೆ ಬಿಲ್ಡ್‌ನಲ್ಲಿ ಏನಾದರೂ ನಡೆದಾಗ ಗ್ರೇಡಲ್ ಕರೆಯುವ ಕೋಡ್, ಆ ಭಾಗದ ಬಗ್ಗೆ ಮಾತ್ರ ಬರೆಯುತ್ತೇನೆ.

ಹಳೇ ದಾರಿ ಸುಲಭವಾಗಿತ್ತು. ಟಾಸ್ಕ್‌ಎಕ್ಸಿಕ್ಯೂಶನ್‌ಲಿಸನರ್ ಸೇರಿಸಿದರೆ ಟಾಸ್ಕ್ ಶುರುವಾಗುವ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ ಕರೆ ಬರುತ್ತಿತ್ತು, ಟಾಸ್ಕ್ ಆಬ್ಜೆಕ್ಟೇ ಕೈಗೆ ಸಿಗುತ್ತಿತ್ತು. ಕಾನ್ಫಿಗರೇಶನ್ ಕ್ಯಾಶ್ (ಬಿಲ್ಡ್‌ನ ಸಿದ್ಧತೆಯ ಹಂತದ ಫಲಿತಾಂಶವನ್ನು ಉಳಿಸಿಟ್ಟು ಮುಂದಿನ ಸಲ ಬಳಸುವುದು) ಆನ್ ಮಾಡಿದರೆ ಇದು ನಡೆಯಲ್ಲ. ಅದಕ್ಕೆ ಗಟ್ಟಿ ಕಾರಣವೂ ಇದೆ: ಕ್ಯಾಶ್ ಸಿಕ್ಕಾಗ ಕಾನ್ಫಿಗರೇಶನ್ ಹಂತವೇ ಓಡುವುದಿಲ್ಲ, ಪ್ಲಗಿನ್ ಕೋಡ್ ಕೂಡ ಓಡುವುದಿಲ್ಲ, ಅಂದಮೇಲೆ ಅಲ್ಲಿ ಸೇರಿಸುತ್ತಿದ್ದ ಲಿಸನರ್ ಎಲ್ಲಿಂದ ಬರಬೇಕು? ಗ್ರೇಡಲ್ 6.1ರಲ್ಲಿ ಇದಕ್ಕೆ ಹೊಸ ದಾರಿ ಕೊಟ್ಟರು. ಬಿಲ್ಡ್ ಸರ್ವಿಸ್ (ಟಾಸ್ಕ್‌ಗಳು ಹಂಚಿಕೊಂಡು ಬಳಸಬಹುದಾದ ಆಬ್ಜೆಕ್ಟ್) ಒಂದನ್ನು ಬರೆದು, ಅದನ್ನೇ ಆಪರೇಶನ್‌ಕಂಪ್ಲೀಶನ್‌ಲಿಸನರ್ ಮಾಡಿ, ಬಿಲ್ಡ್‌ಈವೆಂಟ್ಸ್‌ಲಿಸನರ್‌ರಿಜಿಸ್ಟ್ರಿಗೆ ಕೊಟ್ಟರೆ ಕ್ಯಾಶ್‌ನಿಂದ ಓಡಿದ ಬಿಲ್ಡ್‌ನಲ್ಲೂ ಈವೆಂಟ್ ಬರುತ್ತದೆ. ಟಾಸ್ಕ್ ಪಾತ್, ಶುರು ಮತ್ತು ಕೊನೆಯ ಸಮಯ, ಅಪ್ ಟು ಡೇಟ್ ಇತ್ತಾ ಇಲ್ವಾ, ಎಲ್ಲ ಸಿಗುತ್ತದೆ. ನನಗೆ ಇದು ನಿಜವಾಗಿಯೂ ಇಷ್ಟ. ಟಾಸ್ಕ್ ಆಬ್ಜೆಕ್ಟ್ ಕೊಡದೇ ಇದ್ದದ್ದೂ ಒಳ್ಳೆಯದೇ, ಕೇಳಲು ಬಂದ ಪ್ಲಗಿನ್ ಸುಮ್ನೆ ಕೇಳಿಕೊಂಡು ಇರಬೇಕು, ಕೈ ಹಾಕಬಾರದು.

ಆದರೆ ಅಲ್ಲಿ ಸಿಗುವುದು ಟಾಸ್ಕ್ ಮುಗಿದ ಸುದ್ದಿ ಮಾತ್ರ. ಶುರುವಾದಾಗ ಕರೆ ಇಲ್ಲ. ಡಿಪೆಂಡೆನ್ಸಿ ಡೌನ್‌ಲೋಡ್, ಪ್ರಾಜೆಕ್ಟ್ ಕಾನ್ಫಿಗರ್ ಆಗುವ ಸಮಯ, ಆರ್ಟಿಫ್ಯಾಕ್ಟ್ ಟ್ರಾನ್ಸ್‌ಫಾರ್ಮ್ (ಡಿಪೆಂಡೆನ್ಸಿ ಫೈಲ್‌ಗಳನ್ನು ಬೇರೆ ರೂಪಕ್ಕೆ ಬದಲಿಸುವುದು) ಇವು ಯಾವುವೂ ಇಲ್ಲ, ದೊಡ್ಡ ಪ್ರಾಜೆಕ್ಟ್‌ಗಳಲ್ಲಿ ಹೊತ್ತು ಹೋಗುವುದು ಎಷ್ಟೋ ಸಲ ಅಲ್ಲೇ. ಒಳಗಡೆ ಬಿಲ್ಡ್‌ಆಪರೇಶನ್‌ಲಿಸನರ್ ಅಂತ ಇದೆ, ಅದಕ್ಕೆ ಇದೆಲ್ಲ ಕೇಳಿಸುತ್ತದೆ. ಇಂಟರ್ನಲ್ ಪ್ಯಾಕೇಜ್‌ನಲ್ಲಿರುವುದರಿಂದ ಅದು ಯಾವ ಆವೃತ್ತಿಯಲ್ಲಿ ಬೇಕಾದರೂ ಬದಲಾಗಬಹುದು. ನಾವು ಬಳಸುತ್ತಿದ್ದ ಹೊರಗಿನ ಪ್ಲಗಿನ್ ಒಂದು ಇಂಥ ಇಂಟರ್ನಲ್ ಕ್ಲಾಸ್‌ಗೆ ಕೈ ಹಾಕಿತ್ತು. ಗ್ರೇಡಲ್ ಆವೃತ್ತಿ ಏರಿಸಿದ ದಿನವೇ ಬಿಲ್ಡ್ ನಿಂತಿತು, ಅದನ್ನು ತೆಗೆದುಹಾಕುವವರೆಗೂ ಯಾರಿಗೂ ಕೆಲಸ ಇಲ್ಲ.

ಒಳಗಿನ ಇಂಟರ್‌ಫೇಸನ್ನು ಹಾಗೇ ತೆರೆದಿಡಿ ಅಂತ ನಾನು ಕೇಳಲ್ಲ, ಹಾಗೆ ಮಾಡಿದರೆ ಗ್ರೇಡಲ್ ಬರೆಯುವವರ ಕೈ ಕಟ್ಟಿದಂತೆ. ಈಗಿನ ರಿಜಿಸ್ಟ್ರಿಗೇ ಡೌನ್‌ಲೋಡ್ ಮತ್ತು ಕಾನ್ಫಿಗರೇಶನ್ ಈವೆಂಟ್ ಎರಡನ್ನು ಸೇರಿಸಿ, ಓದಲು ಮಾತ್ರ ಬಿಟ್ಟರೆ ಸಾಕು. ಟೂಲಿಂಗ್ ಎಪಿಐ (ಹೊರಗಿನ ಪ್ರೋಗ್ರಾಮ್‌ಗಳು ಗ್ರೇಡಲ್ ಓಡಿಸಲು ಬಳಸುವ ದಾರಿ) ಮೂಲಕ ಐಡಿಇಗಳಿಗೆ, ಅಂದರೆ ಕೋಡ್ ಬರೆಯುವ ಎಡಿಟರ್‌ಗಳಿಗೆ, ಇವು ಈಗಾಗಲೇ ಸಿಗುತ್ತಿವೆ ಅಲ್ವಾ, ಪ್ಲಗಿನ್‌ಗೂ ಕೊಡಬಹುದು.

ಹೊಸದಾಗಿ ಪ್ಲಗಿನ್ ಬರೆಯುವವರು ಬಿಲ್ಡ್ ಸರ್ವಿಸ್‌ನಿಂದಲೇ ಶುರು ಮಾಡಿ. ಬಿಲ್ಡ್ ಮುಗಿದಾಗ ಒಂದೇ ಸಲ ಏನಾದರೂ ಮಾಡಬೇಕಿದ್ದರೆ 8.1ರಲ್ಲಿ ಬಂದ ಫ್ಲೋಆಕ್ಷನ್ ನೋಡಿ. ಈಗಿನ ಈವೆಂಟ್ ಲಿಸನರ್ ವ್ಯವಸ್ಥೆಗೆ ಐದಕ್ಕೆ ಮೂರೂವರೆ ಕೊಡುತ್ತೇನೆ.